ಹೆಪ್ಪು ಹಾಕುವುದು ಯಾರ ಕೆಲಸ?



ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗಳು ಒಂದು ಸಂಜೆ ಆಲೂಗಡ್ಡೆಗಳನ್ನು ಸಿಪ್ಪೆಸಮೇತ ಸುಟ್ಟು, ಸೀಳಿ, ತಟ್ಟೆಯಲ್ಲಿ ಜೋಡಿಸಿದಳು. ಅನಂತರ, "ಅಜ್ಜ, ಇದರ ಮೇಲೆ ಹಾಕಲು ಸೋರ್ ಕ್ರೀಮ್ ಬೇಕಲ್ಲ" ಎಂದಳು. ನನ್ನ ಮಗ ಕೂಡಲೇ ಸ್ಕೂಟರ್ ಹತ್ತಿ, ಶಿವಮೊಗ್ಗದ ನಾಲ್ಕಾರು ಅಂಗಡಿಗಳನ್ನು ಸುತ್ತಿ, ಅಂಗೈಯಗಲದ ಒಂದು ಡಬ್ಬಿಯನ್ನು ತಂದನು. ಅದಕ್ಕೆ ಕೊಟ್ಟ ಹಣಕ್ಕೆ ನಾಲ್ಕು ಲೀಟರ್ ಹಾಲು ಬರುತ್ತಿತ್ತು. ಅದೇ ಹೊತ್ತಿನಲ್ಲಿ ನಮ್ಮ ಫ್ರಿಜ್ಜಿನೊಳಗೆ, ನನ್ನ ಮಡದಿ ದಿನದಿನದ ಕೆನೆಯನ್ನು ಕೂಡಿಟ್ಟು ಹೆಪ್ಪು ಹಾಕಿದ್ದ ಕೆನೆಮೊಸರು ಬೆಣ್ಣೆಯಾಗಲು ಕಾದು ಕುಳಿತಿತ್ತು. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂಬ ಗಾದೆ ಇದಕ್ಕಿಂತ ಸರಿಯಾಗಿ ಹೊಂದುವ ಸಂದರ್ಭವನ್ನು ನಾನು ಕಂಡಿಲ್ಲ.

ಈ ಪ್ರಸಂಗವನ್ನು ನಾನು ಮುಂದಿನ ತಿಂಗಳು ಬಂಧುಗಳ ಮನೆಯ ಗೃಹಪ್ರವೇಶದಲ್ಲಿ ರಸವತ್ತಾಗಿ ವರ್ಣಿಸಿದೆನು. ಊಟದ ಪಂಕ್ತಿಯಲ್ಲಿದ್ದ ಹಿರಿಯರೆಲ್ಲ ತಲೆದೂಗಿದರು. "ಈಗಿನ ಹೆಣ್ಣುಮಕ್ಕಳಿಗೆ ಹೆಪ್ಪು ಹಾಕಲೂ ಬರುವುದಿಲ್ಲ" ಎಂದು ಒಬ್ಬರು ತೀರ್ಪು ನೀಡಿದರು. ನಾನೂ ಹೌದೆಂದೆ. ಮನೆಗೆ ಮರಳುವಾಗ ಬಸ್ಸಿನಲ್ಲಿ ನನ್ನ ಮಡದಿ ಕಿಟಕಿಯಾಚೆ ನೋಡುತ್ತಲೇ ಕೇಳಿದಳು: "ನಿಮಗೆ ಬರುತ್ತದೆಯೇ?"

ನಾನು ವಿಜ್ಞಾನದ ಮೇಷ್ಟ್ರು. ಹಾಲು ಮೊಸರಾಗುವುದನ್ನು ಹಿಂದಿರುಗಿಸಲಾಗದ ಬದಲಾವಣೆಗೆ ಉದಾಹರಣೆಯೆಂದು ಮೂವತ್ತಕ್ಕೂ ಹೆಚ್ಚು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು. ನಿಮ್ಮಲ್ಲಿ ಅನೇಕರು ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೀರಿ. ಆದರೆ ಅಷ್ಟು ವರ್ಷಗಳಲ್ಲಿ ನಾನು ಒಂದು ದಿನವೂ ಒಂದು ಲೋಟ ಹಾಲಿಗೆ ಹೆಪ್ಪು ಹಾಕಿರಲಿಲ್ಲ. ನನ್ನ ತಾಯಿ ಹಾಕುತ್ತಿದ್ದರು, ಆಮೇಲೆ ಮಡದಿ ಹಾಕಿದಳು. ನಾನು ಉಂಡೆ.

ಕಳೆದ ಡಿಸೆಂಬರಿನಲ್ಲಿ ಅವಳಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿ, ಮೂರು ವಾರ ಮಗಳ ಮನೆಯಲ್ಲಿ ಉಳಿಯಬೇಕಾಯಿತು. ಮೊದಲ ದಿನ ನಾನು ಕುದಿಯಿಳಿದ ಹಾಲಿಗೆ ನೇರವಾಗಿ ಹೆಪ್ಪು ಬಿಟ್ಟೆ. ಸೂಕ್ಷ್ಮಜೀವಿಗಳು ಬೆಂದು ಸತ್ತವು. ಮರುದಿನ ಹಾಲು ಪೂರ್ತಿ ಆರಿದ ಮೇಲೆ ಹಾಕಿದೆ. ಮಲೆನಾಡಿನ ಅಂಚಿನ ಚಳಿಗೆ ಬೆಳಗಿನವರೆಗೂ ಹಾಲು ಹಾಲಾಗಿಯೇ ಇತ್ತು. ಹೀಗೆ ಮನೆಯಲ್ಲಿದ್ದ ಹೆಪ್ಪು ಮುಗಿಯಿತು. ಕೊನೆಗೆ ಪಕ್ಕದ ಮನೆಯ ಅಮ್ಮನವರ ಮುಂದೆ ಬಟ್ಟಲು ಹಿಡಿದು ನಿಂತೆ. ಅವರು ಒಂದು ಚಮಚ ಮೊಸರು ಕೊಟ್ಟು, "ಕಿರುಬೆರಳು ಅದ್ದಿದರೆ ಹಿತವಾಗಿ ಬಿಸಿ ಇರಬೇಕು ಮೇಷ್ಟ್ರೇ, ಪಾತ್ರೆಗೆ ಬಟ್ಟೆ ಸುತ್ತಿ ಅಕ್ಕಿ ಡಬ್ಬಿಯೊಳಗೆ ಇಡಿ" ಎಂದರು. ನಾನು ಪಾಠದಲ್ಲಿ ಹೇಳುತ್ತಿದ್ದ ಸುಮಾರು 40 ಡಿಗ್ರಿ ಸೆಲ್ಸಿಯಸ್ ಎಂದರೆ ಆ ಕಿರುಬೆರಳಿನ ಹಿತವೇ ಎಂಬುದು ಅಂದು ತಿಳಿಯಿತು.

ಇಷ್ಟು ಪೀಠಿಕೆಯಾದ ಮೇಲೆ ನನ್ನ ವಾದವನ್ನು ಹೇಳುತ್ತೇನೆ.

ಮೊದಲನೆಯದು ಆ ಡಬ್ಬಿಯ ವಿಷಯ. ಸೋರ್ ಕ್ರೀಮ್ ಯಾವ ಮಾಯೆಯೂ ಅಲ್ಲ. ಹುಳಿ ಬರಿಸಿದ ಕೆನೆ, ಅಷ್ಟೇ. ರಷ್ಯಾದವರು ಅದನ್ನು ಸ್ಮೆತಾನಾ ಎಂದು ಕರೆದು ಬೀಟ್‌ರೂಟಿನ ಸಾರಿನ ಮೇಲೆ ಹಾಕಿಕೊಳ್ಳುತ್ತಾರೆ. ಅಮೆರಿಕದ ನಿಯಮದಂತೆ ಅದರಲ್ಲಿ ಕನಿಷ್ಠ ಶೇಕಡಾ 18ರಷ್ಟು ಹಾಲಿನ ಕೊಬ್ಬಿರಬೇಕು. ನಮ್ಮ ಟೋನ್ಡ್ ಹಾಲಿನಲ್ಲಿರುವುದು ಶೇಕಡಾ 3, ಗಟ್ಟಿ ಹಾಲಿನಲ್ಲಿ ಶೇಕಡಾ 6. ಆದ್ದರಿಂದ ಬರಿಯ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದರೆ ಗಟ್ಟಿತನ ಬರುತ್ತದೆ, ಆದರೆ ಕೆನೆಯ ಸ್ನಿಗ್ಧತೆ ಬರುವುದಿಲ್ಲ. ಅದಕ್ಕೆ ಕೆನೆಯೇ ಬೇಕು.

ಮಾಡುವ ಕ್ರಮವೂ ಸರಳವೇ. ಕಾಯಿಸಿ ಆರಿಸಿದ ಹಾಲಿನ ಕೆನೆಯನ್ನು ಮೂರು ನಾಲ್ಕು ದಿನ ಫ್ರಿಜ್ಜಿನಲ್ಲಿ ಕೂಡಿಡಿ. ಸ್ವಲ್ಪ ಹಾಲು ಬೆರೆಸಿ ನುಣ್ಣಗೆ ಕದಡಿ, ಉಗುರುಬೆಚ್ಚಗೆ ಮಾಡಿ, ಒಂದು ಬಟ್ಟಲಿಗೆ ಒಂದು ಚಮಚದಂತೆ ಹುಳಿಯಿಲ್ಲದ ತಾಜಾ ಮೊಸರು ಬೆರೆಸಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ಫ್ರಿಜ್ಜಿಗಿಟ್ಟರೆ ಇನ್ನಷ್ಟು ಗಟ್ಟಿಯಾಗುತ್ತದೆ. ಬಳಸುವ ಮುನ್ನ ಕೈಯಿಂದ ಹದವಾಗಿ ಕಲಸಿ. ಮಿಕ್ಸಿಗೆ ಹಾಕಿದರೆ ಬೆಣ್ಣೆ ಬಂದೀತು. ಕೂಡಿಡುವ ತಾಳ್ಮೆಯಿಲ್ಲದವರು ಪೊಟ್ಟಣದಲ್ಲಿ ಸಿಗುವ ಶೇಕಡಾ 25 ಕೊಬ್ಬಿನ ಕೆನೆಗೂ ಹೀಗೆಯೇ ಹೆಪ್ಪು ಹಾಕಬಹುದು. ಬಿಸಿ ಸಾರಿಗೆ ಹಾಕುವುದಾದರೆ ಒಲೆಯಿಂದ ಇಳಿಸಿದ ಮೇಲೆ ಬೆರೆಸಿ; ಕುದಿಸಿದರೆ ಒಡೆದೀತು.

ಇದು ಪರದೇಶದ ಸೋರ್ ಕ್ರೀಮೇ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಬಳಸುವ ಸೂಕ್ಷ್ಮಜೀವಿಗಳು ಬೇರೆ. ಅವು 20-22 ಡಿಗ್ರಿಯ ತಂಪಿನಲ್ಲಿ ಕೆಲಸ ಮಾಡಿ ಬೆಣ್ಣೆಯ ಪರಿಮಳವನ್ನು ತರುತ್ತವೆ. ನಮ್ಮ ಹೆಪ್ಪಿನವು ಬೆಚ್ಚಗೆ ಬಯಸುತ್ತವೆ, ಹುಳಿಯನ್ನು ಬೇಗ ತರುತ್ತವೆ. ವ್ಯತ್ಯಾಸ ಉಂಟು. ಆದರೆ ಸುಟ್ಟ ಆಲೂಗಡ್ಡೆಯ ಮೇಲೆ ಆ ವ್ಯತ್ಯಾಸವನ್ನು ನನ್ನ ಮೊಮ್ಮಗಳೂ ಗುರುತಿಸಲಿಲ್ಲ. ಮುಂದಿನ ರಜೆಯಲ್ಲಿ ಬಂದಾಗ ಅವಳು ತಿಂದದ್ದು ನಾನೇ ಮಾಡಿದ ಕೆನೆಮೊಸರನ್ನು.

ಎರಡನೆಯದು, ಇದಕ್ಕಿಂತ ಮುಖ್ಯವಾದದ್ದು. 2023ರ ಮಾರ್ಚ್ ತಿಂಗಳಲ್ಲಿ ಮೊಸರಿನ ಪೊಟ್ಟಣದ ಮೇಲೆ 'ದಹಿ' ಎಂದು ಮುದ್ರಿಸಬೇಕೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಸೂಚಿಸಿದಾಗ ನಾವೆಲ್ಲ ಕೆರಳಿದೆವು. ತಮಿಳುನಾಡೂ ಕೆರಳಿತು. ಅದೇ ತಿಂಗಳ ಕೊನೆಗೆ ಸೂಚನೆ ಸಡಿಲಗೊಂಡಿತು, 'ಮೊಸರು' ಎಂಬ ಮಾತು ಉಳಿಯಿತು. ಕೆರಳಿದ್ದು ಸರಿಯೇ. ಆದರೆ ಪೊಟ್ಟಣದ ಮೇಲಿನ ಹೆಸರಿಗಾಗಿ ಮುಷ್ಟಿ ಎತ್ತಿದ ಗಂಡಸರಲ್ಲಿ ಆ ರಾತ್ರಿ ಮನೆಯ ಹಾಲಿಗೆ ಹೆಪ್ಪು ಹಾಕಿದವರು ಎಷ್ಟು ಮಂದಿ? ನಾನಂತೂ ಹಾಕಿರಲಿಲ್ಲ. 2022ರ ಜುಲೈ 18ರಿಂದ ಪೊಟ್ಟಣದ ಮೊಸರಿಗೆ ಶೇಕಡಾ 5 ತೆರಿಗೆ ಬಿದ್ದಾಗಲೂ ಹೀಗೆಯೇ ಗೊಣಗಿದೆವು. ಮನೆಯಲ್ಲಿ ಹಾಕಿದ ಹೆಪ್ಪಿಗೆ ತೆರಿಗೆಯಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಪೊಟ್ಟಣದ ಮೊಸರನ್ನು ಕೊಳ್ಳುವ ಹೆಣ್ಣುಮಕ್ಕಳನ್ನು ನಾನು ದೂರುವುದಿಲ್ಲ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮರಳುವ ನನ್ನ ಸೊಸೆಗೆ, ಹಾಲಿನ ಬಿಸಿ ನೋಡುತ್ತ ಕೂರು ಎಂದು ಹೇಳುವ ಅಧಿಕಾರ ನನಗಿಲ್ಲ. ನಾನು ದೂರುವುದು ನನ್ನಂತಹ ಹಿರಿಯರನ್ನು. ಸಂಪ್ರದಾಯ ಅಳಿಯಿತೆಂದು ಪಂಕ್ತಿಯಲ್ಲಿ ಕುಳಿತು ಮರುಗುತ್ತೇವೆ, ಆದರೆ ಅದನ್ನು ಉಳಿಸುವ ದುಡಿಮೆಯನ್ನು ಬೇರೊಬ್ಬರ ಹೆಗಲಿಗೆ ಹೊರಿಸುತ್ತೇವೆ. ನಿವೃತ್ತರಾದ ನಮಗೆ ಪತ್ರಿಕೆಯನ್ನು ಎರಡು ಬಾರಿ ಓದುವಷ್ಟು ಸಮಯವಿದೆ. ಹೆಪ್ಪು ಹಾಕಲು ಬೇಕಾದದ್ದು ಐದು ನಿಮಿಷ, ಒಂದು ಕಿರುಬೆರಳು.

ಹೆಪ್ಪು ಎಂಬುದು ಪುಸ್ತಕದಲ್ಲಿಟ್ಟು ಉಳಿಸಬಹುದಾದ ವಿದ್ಯೆಯಲ್ಲ. ದಿನವೂ ಯಾರಾದರೂ ಒಂದು ಚಮಚ ತೆಗೆದಿಡಬೇಕು. ತಪ್ಪಿದರೆ ಕೊಂಡಿ ಕಳಚಿತು. ನನ್ನ ಕೈಯಲ್ಲಿ ಅದು ಕಳಚಿದಾಗ ಪಕ್ಕದ ಮನೆಯ ಬಾಗಿಲು ತೆರೆದಿತ್ತು. ನಿಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮನೆಯಲ್ಲಿಯೂ ಹೆಪ್ಪು ಇಲ್ಲದ ದಿನ ಬಂದರೆ ಎಲ್ಲಿಗೆ ಬಟ್ಟಲು ಹಿಡಿದು ಹೋಗುವಿರಿ?

ಮಡದಿ ಮರಳಿ ಬಂದ ದಿನ ಊಟದ ಕೊನೆಗೆ ನನ್ನ ಮೊಸರನ್ನು ಬಡಿಸಿದೆ. ಒಂದು ತುತ್ತು ಉಂಡು, "ಸ್ವಲ್ಪ ಹುಳಿಯಾಗಿದೆ" ಎಂದಳು. ಆಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡಳು. ಅಂದಿನಿಂದ ನಮ್ಮ ಮನೆಯಲ್ಲಿ ಹೆಪ್ಪು ಹಾಕುವ ಕೆಲಸ ನನ್ನದು. ಈ ರಾತ್ರಿ ನಿಮ್ಮ ಮನೆಯಲ್ಲಿ ಅದು ಯಾರದು ಎಂದು ಗಂಡುಹುಡುಗರು ನನಗೆ ಬರೆದು ತಿಳಿಸಿರಿ. ಈ ಉತ್ತರಕ್ಕೆ ಅಂಕವಿಲ್ಲ.