ಹಸಿವಿಲ್ಲದ ಹೊತ್ತಿನ ಊಟ

ಸಾಯಂಕಾಲದ ನಾಲ್ಕು ಗಂಟೆ. ಹುಣಸೂರಿನ ಯಾವ ಬೀದಿಯಲ್ಲಾದರೂ ಇರಬಹುದಾದ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಯಜಮಾನನು ಅಂಗಡಿಯಲ್ಲಿದ್ದಾನೆ, ಮಕ್ಕಳಿಬ್ಬರೂ ಓದಿಗೆಂದು ಮೈಸೂರು ಸೇರಿದ್ದಾರೆ. ಗೃಹಿಣಿಯು ಎರಡು ಗಂಟೆಗೆ ಮುದ್ದೆ, ಬಸ್ಸಾರು, ಅದರ ಮೇಲೆ ಒಂದಿಷ್ಟು ಅನ್ನ ಮಜ್ಜಿಗೆ ಉಂಡು ಪಾತ್ರೆಗಳನ್ನು ತೊಳೆದಿಟ್ಟಿದ್ದಾಳೆ. ಹಸಿವೆಂಬುದು ಹತ್ತಿರ ಸುಳಿದಿಲ್ಲ. ಆದರೂ ಆಕೆಯ ಕೈ ತಾನಾಗಿಯೇ ಮೇಲಿನ ಹಲಗೆಯ ಡಬ್ಬದತ್ತ ಹೋಗುತ್ತದೆ. ಒಂದು ಕೋಡುಬಳೆ, ಇನ್ನೊಂದು ಕೋಡುಬಳೆ, ಆಮೇಲೆ ಸಿಹಿಯಿಲ್ಲದೆ ಬಾಯಿ ಸಪ್ಪೆಯೆನಿಸಿ ಒಂದು ಉಂಡೆ. ಡಬ್ಬ ಅರ್ಧವಾದ ಮೇಲೆ ಮುಚ್ಚಳ ಹಾಕಿ, ಯಾರೂ ನೋಡಲಿಲ್ಲವೆಂಬ ಸಮಾಧಾನವನ್ನೂ ತನ್ನ ಮೇಲೆ ತನಗೇ ಬಂದ ಬೇಸರವನ್ನೂ ಒಟ್ಟಿಗೆ ಅನುಭವಿಸುತ್ತಾಳೆ. ರಾತ್ರಿ, ಬೇಸರ ಕಳೆಯಲು ಮತ್ತೆ ಡಬ್ಬವೇ.

ನಮ್ಮ ಜನ ಇದಕ್ಕೆ 'ಬಾಯಾಡಿಸುವುದು' ಎನ್ನುತ್ತಾರೆ. ಹಸಿವು ಬೇರೆ, ಬಾಯಿಚಪಲ ಬೇರೆ ಎಂಬ ಭೇದವನ್ನು ಕನ್ನಡವು ಬಹುಹಿಂದೆಯೇ ಮಾಡಿಟ್ಟಿದೆ. ಆದರೆ 'ಚಪಲ' ಎಂಬ ಮಾತಿನಲ್ಲಿ ಒಂದು ಆರೋಪವಿದೆ. ಮೇಲೆ ಹೇಳಿದ ಗೃಹಿಣಿ ತಿಂದುದು ನಾಲಗೆಯ ಆಸೆಗಲ್ಲ. ಮನೆ ಬರಿದಾಗಿತ್ತು, ಅದಕ್ಕೆ. ಹೆಸರು ಹೇಳಿದರೇ ಬಾಯಲ್ಲಿ ನೀರೂರುವ ಹುಣಸೂರಿನಂತಹ ಊರಿನಲ್ಲಿ ನಾಲಗೆಯನ್ನು ದೂರುವುದು ಸುಲಭ. ದುಃಖವನ್ನು ಗುರುತಿಸುವುದು ಕಷ್ಟ.

ಗಂಡಸರು ಇದಕ್ಕೆ ಹೊರತೆಂದು ತಿಳಿಯಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರನು ಬ್ಯಾರನ್ನಿನ ಬೆಂಕಿ ಕಾಯುತ್ತ ರಾತ್ರಿಗಳನ್ನು ಕಳೆಯುತ್ತಾನೆ. ಹರಾಜಿನಲ್ಲಿ ಬೆಲೆ ಏನಾಗುವುದೋ ಎಂಬ ಚಿಂತೆ ಒಂದು ಕಡೆ, ನಿದ್ರೆಗೇಡು ಒಂದು ಕಡೆ. ನಡುವೆ ಸಕ್ಕರೆ ತುಂಬಿದ ಚಹ, ಬನ್ನು, ಬೋಂಡ. ನಿದ್ರೆ ಕೆಟ್ಟವನಿಗೆ ಹಸಿವು ಹೆಚ್ಚುವುದೆಂಬುದು ವೈದ್ಯರು ಪರೀಕ್ಷಿಸಿ ಕಂಡ ಸಂಗತಿ.

ಮನೋವೈದ್ಯೆ ಹಿಲ್ಡ ಬ್ರೂಕ್ ಎಂಬಾಕೆ ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವಳು. ಸ್ಥೂಲಕಾಯದ ಮಕ್ಕಳನ್ನು ದೀರ್ಘಕಾಲ ನೋಡಿದ ಆಕೆ ಒಂದು ವಿಚಾರವನ್ನು ಮುಂದಿಟ್ಟಳು: ಮಗು ಅತ್ತಾಗಲೆಲ್ಲ, ಅದು ಹಸಿವಿಗೋ ಚಳಿಗೋ ಭಯಕ್ಕೋ ಎಂದು ನೋಡದೆ ಬಾಯಿಗೆ ತಿಂಡಿ ಕೊಟ್ಟರೆ, ದೊಡ್ಡದಾದ ಮೇಲೂ ಅದಕ್ಕೆ ಹಸಿವಿಗೂ ಇತರ ಸಂಕಟಗಳಿಗೂ ಇರುವ ಅಂತರ ತಿಳಿಯದೆ ಹೋಗುತ್ತದೆ. 1959ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ಎಂಬ ವೈದ್ಯನು, ಕೆಲವರು ಸ್ವಲ್ಪ ಹೊತ್ತಿನಲ್ಲೇ ಕೈ ತಡೆಯಲಾರದೆ ಅಪಾರವಾಗಿ ತಿಂದು ಆಮೇಲೆ ಪರಿತಪಿಸುವುದನ್ನು ವಿವರಿಸಿದನು. ಅದನ್ನು ಪ್ರತ್ಯೇಕವಾದ ಕಾಯಿಲೆಯೆಂದು ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಇಚ್ಛಾಶಕ್ತಿಯ ಕೊರತೆಯೊಂದೇ ಇದಕ್ಕೆ ಕಾರಣವೆನ್ನುವವರು ಈ ಮಾತನ್ನು ಗಮನಿಸಬೇಕು.

ರೋಗ ಹೊಸದಲ್ಲ, ಮದ್ದೂ ಹೊಸದಲ್ಲ. ಪಾಲಿ ಭಾಷೆಯ ಸಂಯುತ್ತ ನಿಕಾಯದಲ್ಲಿ ಕೋಸಲದ ದೊರೆ ಪಸೇನದಿಯ ಪ್ರಸಂಗವೊಂದಿದೆ. ಸಂಸ್ಕೃತದಲ್ಲಿ ಪ್ರಸೇನಜಿತ್ ಎನ್ನುವುದು ಇವನನ್ನೇ. ಒಮ್ಮೊಮ್ಮೆಗೆ ಒಂದು ದ್ರೋಣದ ಅಕ್ಕಿಯ ಅನ್ನವನ್ನು ಉಣ್ಣುತ್ತಿದ್ದವನು ಈತ. ಹಾಗೆ ಉಂಡು ಏದುಸಿರು ಬಿಡುತ್ತ ಬುದ್ಧನ ಬಳಿಗೆ ಬಂದನು. ಬುದ್ಧನು ಬೈಯಲಿಲ್ಲ, ಉಪವಾಸವನ್ನೂ ವಿಧಿಸಲಿಲ್ಲ. ಉಣ್ಣುವಾಗ ಎಚ್ಚರದಿಂದಿದ್ದು ಅಳತೆ ಅರಿತವನಿಗೆ ನೋವು ಕಡಿಮೆ, ಮುಪ್ಪೂ ನಿಧಾನ ಎಂಬರ್ಥದ ಒಂದು ಪದ್ಯವನ್ನು ಹೇಳಿದನು, ಅಷ್ಟೆ. ದೊರೆಯ ಬುದ್ಧಿವಂತಿಕೆ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ಉಪದೇಶ ಕೇಳಿದ ಮಾತ್ರಕ್ಕೆ ತನ್ನ ಕೈ ನಿಲ್ಲುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಆದುದರಿಂದ ಹಿಂದೆ ನಿಂತಿದ್ದ ಸುದರ್ಶನನೆಂಬ ತರುಣನನ್ನು ಕರೆದು, ಆ ಪದ್ಯವನ್ನು ಬಾಯಿಪಾಠ ಮಾಡಿಕೊಂಡು ತಾನು ಉಣ್ಣುವಾಗಲೆಲ್ಲ ಹೇಳಬೇಕೆಂದೂ ಅದಕ್ಕೆ ದಿನಕ್ಕೆ ನೂರು ಕಹಾಪಣ ನಾಣ್ಯಗಳನ್ನು ಕೊಡುವೆನೆಂದೂ ಗೊತ್ತುಮಾಡಿದನು.

ಟೀಕಾಕಾರರು ಇದಕ್ಕೆ ಇನ್ನೊಂದು ಸೂಕ್ಷ್ಮವನ್ನು ಸೇರಿಸಿದ್ದಾರೆ. ಪದ್ಯವನ್ನು ಊಟದ ಮೊದಲಿಗೆ ಹೇಳಕೂಡದು, ಕಡೆಯ ತುತ್ತಿನ ಹೊತ್ತಿಗೆ ಹೇಳಬೇಕು. ದೊರೆ ಆ ತುತ್ತನ್ನು ಬಿಡುತ್ತಾನೆ. ಮಾರನೆಯ ದಿನ ಅಷ್ಟು ಅಕ್ಕಿಯನ್ನು ಕಡಿಮೆ ಮಾಡಿ ಬೇಯಿಸುತ್ತಾರೆ. ಹೀಗೆ ತುತ್ತುತುತ್ತಾಗಿ ಇಳಿದು ಊಟವು ಒಂದು ನಾಳಿಯ ಅಳತೆಗೆ ಬಂದು ನಿಂತಿತು. ದೊರೆಯ ಮೈ ಹಗುರಾಯಿತು. ತನ್ನ ಅಂಗಾಂಗಗಳನ್ನು ಕೈಯಿಂದ ಸವರಿಕೊಳ್ಳುತ್ತ ಬುದ್ಧನ ಕರುಣೆಯನ್ನು ನೆನೆದನೆಂದು ಕಥೆ ಮುಗಿಯುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ ಹೋಗಿ ಸ್ವರ್ಣ ಪ್ರತಿಮೆಗಳನ್ನು ನೋಡಿ ಬರುವ ಯಾತ್ರಿಕರು ಬಹಳ. ಬುದ್ಧನು ಊಟದ ವಿಷಯವಾಗಿಯೂ ಇಷ್ಟು ಬಳಕೆಯ ಮಾತನ್ನಾಡಿದ್ದನೆಂಬುದನ್ನು ಬಲ್ಲವರು ಕಡಿಮೆ.

ಜೈನರೂ ಇದೇ ದಾರಿಯನ್ನು ಕಂಡವರು. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯ ಮೇಲೆ ನಿಂತಿರುವ ಬಾಹುಬಲಿಯ ಧರ್ಮವು ಉಪವಾಸವನ್ನು ಒಂದು ತಪಸ್ಸೆಂದರೆ, ಹೊಟ್ಟೆ ತುಂಬುವ ಮೊದಲೇ ಕೈ ತೊಳೆಯುವುದನ್ನು 'ಅವಮೋದರ್ಯ'ವೆಂಬ ಬೇರೊಂದು ತಪಸ್ಸಾಗಿ ಎಣಿಸುತ್ತದೆ. ಪೂರ್ಣ ಆಹಾರ 32 ತುತ್ತು. ಅದರಲ್ಲಿ ಒಂದು ತುತ್ತು ಬಿಟ್ಟರೂ ಆ ತಪಸ್ಸು ಆರಂಭವಾದಂತೆಯೇ. ಸೋಮವಾರ ಒಪ್ಪತ್ತೆಂದು ಹೇಳಿ ರಾತ್ರಿ ಫಲಾಹಾರದ ಹೆಸರಿನಲ್ಲಿ ಎರಡು ತಟ್ಟೆ ಉಪ್ಪಿಟ್ಟು ಮುಗಿಸುವ ನಮ್ಮವರಿಗೆ ಇದು ಸ್ವಲ್ಪ ನಾಚಿಕೆಯ ವಿಷಯ.

ದೊರೆಗೆ ನೂರು ಕಹಾಪಣ ಕೊಟ್ಟು ಸುದರ್ಶನನನ್ನು ಇಟ್ಟುಕೊಳ್ಳುವ ಶಕ್ತಿಯಿತ್ತು. ಇಲ್ಲದವರು ಏನು ಮಾಡಬೇಕು? ಇದಕ್ಕೆ ಉತ್ತರ ಕಂಡವಳು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಒಬ್ಬ ಸಾಧಾರಣ ಗೃಹಿಣಿ, ಜೀನ್ ನೈಡೆಚ್. 1961ರಲ್ಲಿ ಆಕೆಯ ತೂಕ 214 ಪೌಂಡು, ಎಂದರೆ 97 ಕಿಲೊಗ್ರಾಂ. ಅಂಗಡಿಯಲ್ಲಿ ಎದುರಾದ ಪರಿಚಿತಳೊಬ್ಬಳು ಆಕೆಯ ಆಕಾರವನ್ನು ನೋಡಿ ಹೆರಿಗೆ ಯಾವಾಗವೆಂದು ಕೇಳಿದಳು, ಹೊಟ್ಟೆಯಲ್ಲಿ ಮಗುವಿರಲಿಲ್ಲ. ಅವಮಾನದಿಂದ ಆಕೆ ನಗರದ ಆರೋಗ್ಯ ಇಲಾಖೆಯ ಚಿಕಿತ್ಸಾಲಯಕ್ಕೆ ಹೋದಳು. ಅಲ್ಲಿ ಕೊಟ್ಟ ಆಹಾರಕ್ರಮ ಚೆನ್ನಾಗಿಯೇ ಇತ್ತು, ತೂಕವೂ ಇಳಿಯತೊಡಗಿತು. ಆದರೆ ಮನೆಯಲ್ಲಿ ಬಚ್ಚಿಟ್ಟು ಕದ್ದು ತಿನ್ನುತ್ತಿದ್ದ ಬಿಸ್ಕತ್ತುಗಳ ಸಂಗತಿಯನ್ನು ಅಲ್ಲಿ ಬಾಯಿಬಿಟ್ಟು ಹೇಳಲಾಗಲಿಲ್ಲ. ಅದನ್ನು ಹೇಳಿಕೊಳ್ಳಲೆಂದೇ ತನ್ನಂತೆ ದಪ್ಪಗಿದ್ದ ಆರು ಮಂದಿ ಗೆಳತಿಯರನ್ನು ಮನೆಗೆ ಕರೆದಳು. ಹೇಳಿದಳು. ಆಶ್ಚರ್ಯವೆಂದರೆ, ಅವರೆಲ್ಲರಿಗೂ ಒಂದೊಂದು ಬಚ್ಚಿಟ್ಟ ಡಬ್ಬವಿತ್ತು!

ವಾರವಾರವೂ ಸೇರುವುದು ರೂಢಿಯಾಯಿತು. ಎರಡು ತಿಂಗಳಲ್ಲಿ ಸೇರುವವರು ನಲವತ್ತು ಮಂದಿಯಾದರು. 1962ರ ಅಕ್ಟೋಬರಿಗೆ ಆಕೆಯ ತೂಕ 142 ಪೌಂಡಿಗೆ ಇಳಿಯಿತು. 1963ರಲ್ಲಿ ಅದು 'ವೆಯ್ಟ್ ವಾಚರ್ಸ್' ಎಂಬ ಕಂಪನಿಯಾಗಿ, ಲೋಕವೆಲ್ಲ ಹಬ್ಬಿ, 1978ರಲ್ಲಿ ದೊಡ್ಡ ಬೆಲೆಗೆ ಮಾರಾಟವೂ ಆಯಿತು. ಸ್ನೇಹವನ್ನು ವ್ಯಾಪಾರವಾಗಿ ಮಾಡಿದರೆ ವ್ಯಾಪಾರದ ಗತಿಯೇ ಅದಕ್ಕೂ. ತೂಕವಿಳಿಸುವ ಹೊಸ ಚುಚ್ಚುಮದ್ದುಗಳು ಬಂದ ಮೇಲೆ, ಸಾಲದ ಹೊರೆ ಹೊತ್ತಿದ್ದ ಆ ಕಂಪನಿ 2025ರಲ್ಲಿ ದಿವಾಳಿ ಕಾನೂನಿನ ಆಶ್ರಯ ಕೋರಬೇಕಾಯಿತು. ಲಾಭದ ಉದ್ದೇಶವಿಲ್ಲದೆ ನಡೆದ ಕೂಟಗಳೂ ಉಂಟು: 1948ರಲ್ಲಿ ಮಿಲ್ವಾಕಿಯಲ್ಲಿ ಎಸ್ತರ್ ಮಾನ್ಜ್ ಆರಂಭಿಸಿದುದು ಒಂದು, ಕುಡಿತ ಬಿಟ್ಟವರ ಸಂಘದ ಮಾದರಿಯಲ್ಲಿ 1960ರಲ್ಲಿ ಲಾಸ್ ಏಂಜಲಿಸಿನಲ್ಲಿ ಹುಟ್ಟಿದ 'ಓವರ್‌ಈಟರ್ಸ್ ಅನಾನಿಮಸ್' ಇನ್ನೊಂದು.

ಇದೆಲ್ಲ ಅಮೆರಿಕದ ಕಥೆ, ಹುಣಸೂರಿಗೇನು ಎಂದು ಕೇಳುವವರಿದ್ದಾರೆ. ನಿಜವಾಗಿ ನೋಡಿದರೆ ಈ ವಿದ್ಯೆಯಲ್ಲಿ ನಮ್ಮ ಸೀಮೆಯು ಯಾರಿಗೂ ಹಿಂದಿಲ್ಲ. ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ 'ಮೈರಾಡ' ಎಂಬ ಸಂಸ್ಥೆ ಹುಟ್ಟಿತು. 1980ರ ದಶಕದ ನಡುವಿನಲ್ಲಿ ಅದೇ ಸಂಸ್ಥೆ, ಸಹಕಾರ ಸಂಘಗಳು ಮುರಿದುಬಿದ್ದ ಹಳ್ಳಿಗಳಲ್ಲಿ ಪರಸ್ಪರ ನಂಬಿಕೆಯಿದ್ದ ಹದಿನೈದು ಇಪ್ಪತ್ತು ಮಂದಿ ತಾವಾಗಿ ಕೂಡಿ ಉಳಿತಾಯ ಮಾಡುತ್ತಿದ್ದುದನ್ನು ಕಂಡು ಅಂತಹ ಗುಂಪುಗಳನ್ನು ಬೆಳೆಸಿತು. ಸ್ವಸಹಾಯ ಸಂಘವೆಂದು ಇಂದು ದೇಶವೆಲ್ಲ ಕರೆಯುವ ವ್ಯವಸ್ಥೆಯ ಬೇರುಗಳಲ್ಲಿ ಇದೊಂದು. 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕುಗಳಿಗೆ ಜೋಡಿಸಿತು. ಆಮೇಲೆ ಸರ್ಕಾರದ ಸ್ತ್ರೀಶಕ್ತಿ ಗುಂಪುಗಳೂ ಧರ್ಮಸ್ಥಳದ ಯೋಜನೆಯ ಸಂಘಗಳೂ ಊರೂರಿಗೆ ಬಂದುವು. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ಶಿಬಿರ ಮುಗಿದ ಮೇಲೂ 'ನವಜೀವನ ಸಮಿತಿ'ಗಳಲ್ಲಿ ಸೇರುತ್ತಾರೆ. ಏಕೆಂದರೆ ಬಿಡುವುದಕ್ಕಿಂತ ಬಿಟ್ಟುಕೊಂಡಿರುವುದು ಕಷ್ಟವೆಂಬುದು ಅವರ ಅನುಭವ.

ಸಂಘದ ಹೆಂಗಸರಿಗೆ ವಾರಕ್ಕೊಮ್ಮೆ ಚಾಪೆ ಹಾಸಿ ಕುಳಿತು, ಪುಸ್ತಕ ತೆರೆದು, ಕಂತು ಕಟ್ಟಲಾಗದವಳನ್ನು ಹಂಗಿಸದೆ ಕಾರಣ ಕೇಳುವ ಅಭ್ಯಾಸವಿದೆ. ಆ ಪುಸ್ತಕದಲ್ಲಿ ತೂಕಕ್ಕೂ ಒಂದು ಕಾಲಂ ಸೇರಿಸಲು ಯಾರ ಅಪ್ಪಣೆ ಬೇಕು? ಮಾತು ಹೀಗೆ ನಡೆದೀತು:

"ಏನಕ್ಕ, ಈ ವಾರ ಮುಖ ಸಪ್ಪಗಿದೆಯಲ್ಲ?"

"ನಾಮಕರಣಕ್ಕೆ ಹೋಗಿದ್ದೆ ಕಣಮ್ಮ. ಮೂರು ಒಬ್ಬಟ್ಟು ತಿಂದೆ. ಅದು ಹೋಗ್ಲಿ, ಮನೆಗೆ ಬಂದು ಯಾರಿಗೂ ಕಾಣದ ಹಾಗೆ ಇನ್ನೆರಡು."

"ಅಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ನಾದಿನಿ ಅಂದ್ಲು, ಅತ್ತಿಗೆ ಕೂತರೆ ಇಬ್ಬರ ಜಾಗ ಬೇಕು ಅಂತ."

ಒಬ್ಬಟ್ಟಿನ ಲೆಕ್ಕ ಮೊದಲು ಬರುತ್ತದೆ. ಅವಮಾನದ ಲೆಕ್ಕ ಆಮೇಲೆ, ಕೇಳುವವರಿದ್ದರೆ ಮಾತ್ರ ಬರುತ್ತದೆ. ವೈದ್ಯರ ಎದುರಿಗೆ ಐದು ನಿಮಿಷದಲ್ಲಿ ಇದು ಹೊರಬೀಳುವಂತಹುದಲ್ಲ.

ಕೂಟದವರು ಮೊದಲು ಕೈಬಿಡಬೇಕಾದದ್ದು ಕೆಲವು ನಂಬಿಕೆಗಳನ್ನು. ಮುದ್ದೆ ತಿಂದರೆ ಮೈ ಇಳಿಯುತ್ತದೆಂಬುದು ಒಂದು. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 355. ನಾರು, ಸುಣ್ಣದ ಅಂಶಗಳಲ್ಲಿ ರಾಗಿ ಮೇಲು, ನಿಜ. ಆದರೆ ಎರಡು ದೊಡ್ಡ ಮುದ್ದೆ ನುಂಗಿ ಕೃಷ್ಣರಾಜನಗರದ ಅಕ್ಕಿಯನ್ನು ದೂರುವುದು ನ್ಯಾಯವಲ್ಲ. ಒಂದು ದೊಡ್ಡ ಚಮಚ ಎಣ್ಣೆಯೇ 120 ಕ್ಯಾಲೊರಿ. ಕರಿದ ತಿಂಡಿಯ ಡಬ್ಬ ಏನು ಮಾಡುತ್ತದೆಂಬುದನ್ನು ಇದರಿಂದ ಊಹಿಸಬಹುದು. ಬಲವಂತದ ಉಪವಾಸ ಇನ್ನೊಂದು ತಪ್ಪು. ಹಗಲೆಲ್ಲ ಹಸಿದವಳು ರಾತ್ರಿ ಡಬ್ಬವನ್ನು ಬರಿದುಮಾಡುತ್ತಾಳೆ. ಹೊತ್ತಿಗೆ ಸರಿಯಾಗಿ ಉಣ್ಣುವುದು, ಹುರುಳಿ, ಅವರೆ, ಸೊಪ್ಪು ಹೆಚ್ಚಿಸಿ ಅನ್ನದ ರಾಶಿಯನ್ನು ಪಸೇನದಿಯಂತೆ ತುತ್ತುತುತ್ತಾಗಿ ತಗ್ಗಿಸುವುದು, ವಾರಕ್ಕೆ 150 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಚುರುಕಾಗಿ ನಡೆಯುವುದು, ಇವು ಸಪ್ಪೆಯಾದ ಉಪಾಯಗಳು, ಆದರೆ ನಿಲ್ಲುವಂತಹವು. ಬಡಿಸುವವರೂ ಸ್ವಲ್ಪ ಕೃಪೆ ತೋರಬೇಕು. "ನಮ್ಮನೆ ಊಟ ಸೇರಲಿಲ್ವಾ? ಇನ್ನೊಂದು ಹಾಕಿಸ್ಕೊಳ್ಳಿ" ಎಂಬ ಪ್ರೀತಿಯ ಒತ್ತಾಯಕ್ಕೆ ಪಂಕ್ತಿಯಲ್ಲಿ ಒಬ್ಬಳೇ ಎದುರು ನಿಲ್ಲುವುದು ಅಸಾಧ್ಯ, ಪಕ್ಕದಲ್ಲಿ ಕೂಟದ ಗೆಳತಿಯೊಬ್ಬಳು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಸಾಧ್ಯ.

ಕೂಟದಿಂದ ಎಲ್ಲವೂ ಆಗುತ್ತದೆಂದು ಹೇಳಿದರೆ ಸುಳ್ಳಾದೀತು. ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ, ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚಿದ್ದ 1007 ಮಂದಿಯನ್ನು ಎರಡು ಭಾಗ ಮಾಡಿ, ಒಂದು ಭಾಗದವರಿಗೆ ಊರಿನವರೇ ಮುಂದಾಳುಗಳಾದ ಗುಂಪುಗಳನ್ನು ಕಟ್ಟಿ ಎರಡು ವರ್ಷ ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಾಯಿಲೆ ಬಂದವರು ಗುಂಪಿನವರಲ್ಲಿ ನೂರಕ್ಕೆ 14.9, ಉಳಿದವರಲ್ಲಿ 17.1. ಈ ಅಂತರ ಆಕಸ್ಮಿಕವೂ ಆಗಿರಬಹುದೆಂದು ಸಂಶೋಧಕರೇ ಒಪ್ಪಿದರು. ಆದರೆ ಗುಂಪಿನವರು ಹಣ್ಣು ತರಕಾರಿ ಹೆಚ್ಚು ತಿಂದರು, ಮದ್ಯವನ್ನು ಕಡಿಮೆ ಮಾಡಿದರು. ದೊಡ್ಡ ಪವಾಡವಲ್ಲ, ಹಾಗೆಂದು ತಳ್ಳಿಹಾಕುವಂತಹುದೂ ಅಲ್ಲ. ಕೈ ತಡೆಯದೆ ತಿನ್ನುವುದು ವಾರವಾರವೂ ಮರುಕಳಿಸಿದರೆ, ತಿಂದುದನ್ನು ವಾಂತಿ ಮಾಡಿಕೊಳ್ಳುವ ಅಭ್ಯಾಸವಿದ್ದರೆ, ಬದುಕೇ ಬೇಡವೆನಿಸಿದರೆ ಗೆಳತಿಯರ ಮಾತು ಸಾಲದು. ಅವರೇ ಕೈ ಹಿಡಿದು ವೈದ್ಯರ ಬಳಿಗೆ ಕರೆದೊಯ್ಯಬೇಕು. ಚುಚ್ಚುಮದ್ದು ಬೇಕೆ ಬೇಡವೆ ಎಂಬುದೂ ವೈದ್ಯರಿಗೆ ಬಿಟ್ಟ ವಿಷಯ.

ಇಷ್ಟು ಹೇಳುವಾಗ ಹೆಗ್ಗಡದೇವನಕೋಟೆಯ ಹಾಡಿಗಳು ನೆನಪಾಗದಿರುವುದಿಲ್ಲ. ಕಾಡಿನಿಂದಲೂ ಕಬಿನಿಯ ಹಿನ್ನೀರಿನಿಂದಲೂ ಒಕ್ಕಲೆದ್ದವರ ಮಕ್ಕಳಿಗೆ ಹಸಿವೆಂಬುದು ಮನಸ್ಸಿನ ಸಮಸ್ಯೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು, ಸುಮಾರು 17 ಮಂದಿ ಇರಬೇಕಾದುದಕ್ಕಿಂತ ಕೃಶರು. ಒಂದೇ ಬಸ್ಸಿನಲ್ಲಿ ಇಬ್ಬರೂ ಕುಳಿತು ಹುಣಸೂರಿನ ಸಂತೆಗೆ ಬರುತ್ತಾರೆ.

ತಕ್ಕಡಿಯ ಚಿಂತೆ ಆರಂಭದಲ್ಲಿ ಬೇಡ, ಅಳತೆಪಟ್ಟಿಯೊಂದಿದ್ದರೆ ಸಾಕು. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರಿಗೆ ಮೀರಿದರೆ ಎಚ್ಚರ ವಹಿಸಬೇಕೆಂದು ವೈದ್ಯರು ಹೇಳುತ್ತಾರೆ. ಬಟ್ಟೆ ಹೊಲಿಯುವ ಸದಸ್ಯೆಯೊಬ್ಬಳು ಪ್ರತಿಯೊಂದು ಸಂಘದಲ್ಲೂ ಇದ್ದೇ ಇರುತ್ತಾಳೆ. ಪಟ್ಟಿಯನ್ನು ಆಕೆಯೇ ತರಲಿ. ಅಳತೆಯನ್ನು ಗಟ್ಟಿಯಾಗಿ ಕೂಗಿ ಹೇಳದಿದ್ದರೆ ಆಯಿತು.