ಎಲ್ಲದಕ್ಕೂ ‘ಟೆನ್ಷನ್’ ಅನ್ನುವ ಗೆಳೆಯರಿಗೆ



ದಿನಕ್ಕೆ ಎಷ್ಟು ಸಲ ‘ಟೆನ್ಷನ್’ ಅನ್ನುತ್ತೀರಿ? ಎಷ್ಟು ಸಲ ‘ಪ್ರಾಬ್ಲಂ’ ಅನ್ನುತ್ತೀರಿ? ಒಂದು ದಿನ ಎಣಿಸಿ ನೋಡಿ. ಬಸ್ಸು ತಪ್ಪಿದರೂ ಟೆನ್ಷನ್. ಪರೀಕ್ಷೆ ಬಂದರೂ ಟೆನ್ಷನ್. ಕೆಲಸ ಹೋದರೂ, ಅಪ್ಪ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದರೂ ಅದೇ ಟೆನ್ಷನ್! ಕೇಳುವವನಿಗೆ ಏನು ಅರ್ಥವಾಗಬೇಕು? ಅವನು ಸಮಾಧಾನ ಹೇಳಬೇಕೋ, ಗಾಡಿ ತೆಗೆದುಕೊಂಡು ಓಡಿ ಬರಬೇಕೋ?

‘ಇಂಗ್ಲಿಷಿನಲ್ಲೂ ಹಾಗೇ ಅಲ್ವಾ’ ಅಂತೀರೇನೋ. ಖಂಡಿತ ಅಲ್ಲ. ನಾನು ಪಿಯುಸಿವರೆಗೆ ಓದಿದವನು, ಪಂಡಿತನಲ್ಲ. ಆದರೆ ಪ್ರೆಸ್ ನಡೆಸುವವನಿಗೆ ಪದವೇ ಸರಕು. ಎರಡೂ ಭಾಷೆಯ ಪ್ರೂಫ್ ತಿದ್ದುವ ನನ್ನ ಮೇಜಿನ ಮೇಲೆ ನಿಘಂಟು ಸದಾ ತೆರೆದೇ ಇರುತ್ತದೆ. ಇಂಗ್ಲಿಷಿನವರು ಈ ಪದಗಳನ್ನು ಹೇಗೆ ಅಳೆದು ಬಳಸುತ್ತಾರೆ ನೋಡಿ.

‘ಡಿಫಿಕಲ್ಟಿ’ ಅಂದರೆ ಸುಲಭವಲ್ಲದ್ದು, ಅಷ್ಟೆ. ಲೆಕ್ಕ ಬಿಡಿಸುವುದೂ ಡಿಫಿಕಲ್ಟಿಯೇ. ಅದರಲ್ಲಿ ನೋವು ಇರಲೇಬೇಕೆಂದಿಲ್ಲ. ‘ಟ್ರಬಲ್’ ನೆಮ್ಮದಿ ಕದಡುವಂಥದ್ದು; ಅದರ ಲ್ಯಾಟಿನ್ ಬೇರಿನಲ್ಲೇ ಕದಡು ಎಂಬ ಅರ್ಥವಿದೆ. ‘ಹಾರ್ಡ್‌ಶಿಪ್’ ಬಹುಕಾಲ ಕಾಡುವ ಕೊರತೆ: ಕಾಸಿಲ್ಲ, ಸೂರಿಲ್ಲ, ಕೂಳಿಲ್ಲ. ‘ಆಂಗ್ವಿಶ್’ ಒಳಗೇ ಹಿಂಡುವ ವೇದನೆ. ‘ಡಿಸ್ಟ್ರೆಸ್’ಗೆ ಎರಡು ಮುಖ: ಒಂದು ತೀವ್ರ ಸಂಕಟ, ಇನ್ನೊಂದು ಕೂಡಲೇ ನೆರವು ಬೇಕಾದ ಅಪಾಯ. ಎಂಜಿನ್ ಕೆಮ್ಮುವ ಹಡಗು ‘ಟ್ರಬಲ್’ನಲ್ಲಿದೆ, ಮುಳುಗುವ ಹಡಗು ‘ಡಿಸ್ಟ್ರೆಸ್’ನಲ್ಲಿದೆ. ತೆರಿಗೆ ಬಾಕಿಗೆ ಸಾಮಾನು ಜಪ್ತಿ ಮಾಡುವ ಆಜ್ಞೆಗೂ ‘ಡಿಸ್ಟ್ರೆಸ್ ವಾರಂಟ್’ ಎಂದೇ ಹೆಸರು. ಅದನ್ನು ‘ಸಂಕಟದ ವಾರಂಟ್’ ಎಂದು ಅನುವಾದಿಸಿದರೆ ನಗೆಪಾಟಲು!

ಇದು ಬರೀ ನಿಘಂಟಿನ ಕಸರತ್ತು ಅನ್ನಬೇಡಿ. ವಿಮಾನ ಓಡಿಸುವವರ ಮಾತಿನಲ್ಲಿ ‘ಮೇಡೇ’ ಎಂದು ಮೂರು ಸಲ ಕೂಗಿದರೆ ಪ್ರಾಣಾಪಾಯ ಎಂದರ್ಥ. ‘ಪ್ಯಾನ್ ಪ್ಯಾನ್’ ಎಂದರೆ ತುರ್ತು ಇದೆ, ಆದರೆ ಪ್ರಾಣ ಹೋಗುವ ಹಂತವಲ್ಲ. ಪದ ತಪ್ಪಿದರೆ ಏನಾಗುತ್ತದೆ?

1990ರ ಜನವರಿ 25. ಕೊಲಂಬಿಯಾ ದೇಶದ ಅವಿಯಾಂಕಾ 52 ವಿಮಾನ ನ್ಯೂಯಾರ್ಕ್ ತಲುಪುವ ಹೊತ್ತಿಗೆ ಹವಾಮಾನ ಕೆಟ್ಟಿತ್ತು. ಒಂದು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಸುತ್ತು ಹಾಕಿಸಿದರು. ಇಂಧನ ತೀರುತ್ತಾ ಬಂತು. ಕ್ಯಾಪ್ಟನ್ ತನ್ನ ಸ್ಪ್ಯಾನಿಷ್ ಭಾಷೆಯಲ್ಲಿ, ಎಮರ್ಜೆನ್ಸಿ ಎಂದು ತಿಳಿಸು ಎಂದು ಸಹ ಪೈಲಟ್‌ಗೆ ಹೇಳಿದ. ಸಹ ಪೈಲಟ್ ಇಂಗ್ಲಿಷಿನಲ್ಲಿ ‘ಪ್ರಯಾರಿಟಿ’ ಕೇಳಿದ, ಇಂಧನ ಮುಗಿಯುತ್ತಿದೆ ಎಂದ. ಆದರೆ ‘ಎಮರ್ಜೆನ್ಸಿ’, ‘ಮೇಡೇ’ ಈ ಎರಡು ಪದ ಮಾತ್ರ ಕೆಳಗಿದ್ದವರ ಕಿವಿಗೆ ಬೀಳಲೇ ಇಲ್ಲ. ಅವರಿಗೆ ಅದು ‘ಟ್ರಬಲ್’ ಆಗಿ ಕೇಳಿಸಿತು, ‘ಡಿಸ್ಟ್ರೆಸ್’ ಆಗಿ ಕೇಳಿಸಲಿಲ್ಲ. ಎಂಜಿನ್‌ಗಳು ನಿಂತವು, ವಿಮಾನ ಬಿತ್ತು. 158 ಜನರಲ್ಲಿ 73 ಜನ ಸತ್ತರು. ಇಂಧನದ ಎಮರ್ಜೆನ್ಸಿ ಇದೆಯೆಂದು ತಿಳಿಸದೇ ಹೋದದ್ದನ್ನೇ ಅಮೆರಿಕದ ತನಿಖೆಯೂ ಎತ್ತಿ ಹೇಳಿತು.

ಈಗ ನಮ್ಮ ಮನೆಗೆ ಬನ್ನಿ. ಕನ್ನಡದಲ್ಲಿ ಇಂಥ ಪದಗಳಿಗೆ ಬರವೇ? ದಾರಿಗೆ ಅಡ್ಡ ಬಂದರೆ ಅಡಚಣೆ. ಅತ್ತಲೂ ಇತ್ತಲೂ ಆಗದೆ ಸಿಕ್ಕಿಹಾಕಿಕೊಂಡರೆ ಪೀಕಲಾಟ. ವರ್ಷಗಟ್ಟಲೆ ಅಲೆದು ಸವೆದರೆ ಬವಣೆ. ಏನಾಗುವುದೋ ಎಂದು ಎದೆ ಅದುರಿದರೆ ಕಳವಳ. ಮಾತು ಬೇಡವೆನ್ನಿಸಿ ಮುಖ ಕಪ್ಪಿಟ್ಟರೆ ದುಗುಡ. ಹೊರಗೆ ಕಾಣದೆ ಒಳಗೇ ಸುಡುವುದು ಬೇಗುದಿ. ಹೇಳಿಕೊಂಡು ಅತ್ತರೆ ಅಳಲು. ದೇಹ ತಾಳಲಾರದ್ದು ಯಾತನೆ. ಇಷ್ಟೆಲ್ಲ ಅಜ್ಜಿ ಬಾಯಲ್ಲಿ ಕೇಳಿದ ಪದಗಳೇ. ಇವನ್ನೆಲ್ಲ ಒಂದೇ ಗೋಣಿಚೀಲಕ್ಕೆ ತುಂಬಿ ‘ಟೆನ್ಷನ್’ ಅಂತ ಚೀಟಿ ಅಂಟಿಸಿದ್ದೇವೆ!

ಇಂಗ್ಲಿಷ್ ಕಲಿಯಬೇಡಿ ಎಂದು ಹೇಳುತ್ತಿಲ್ಲ. ಕಲಿಯಿರಿ, ಚೆನ್ನಾಗಿ ಕಲಿಯಿರಿ; ‘ಟ್ರಬಲ್’ಗೂ ‘ಡಿಸ್ಟ್ರೆಸ್’ಗೂ ಇರುವ ಅಂತರ ಗೊತ್ತಾಗುವಷ್ಟು ಕಲಿಯಿರಿ. ಆದರೆ ಪ್ರಾಣಕ್ಕೆ ಬಂದಾಗ ಬಾಯಿಗೆ ಬರುವುದು ತಾಯಿನುಡಿ. ಎದೆ ಹಿಂಡಿದಂತಾದರೆ ಡಾಕ್ಟರ ಮುಂದೆ ‘ಸ್ವಲ್ಪ ಪ್ರಾಬ್ಲಂ’ ಅನ್ನಬೇಡಿ. ಎಲ್ಲಿ, ಎಂಥ ನೋವು, ಎಷ್ಟು ಹೊತ್ತಿನಿಂದ ಎಂದು ಕನ್ನಡದಲ್ಲೇ ಬಿಡಿಸಿ ಹೇಳಿ. ಹಾಗೆ ಹೇಳಲು ನಾಚಿಕೆ ಯಾಕೆ?

ಕೊನೆಯ ಮಾತು, ಇದು ಮುಖ್ಯ. ನಿಮ್ಮ ರೂಮಿನ ಗೆಳೆಯ ‘ತುಂಬಾ ಟೆನ್ಷನ್ ಮಗಾ’ ಅಂದರೆ ನಕ್ಕು ಟೀ ಕುಡಿಸಿ ಕಳಿಸಬೇಡಿ. ಯಾವ ಟೆನ್ಷನ್ ಎಂದು ಕೇಳಿ. ಪರೀಕ್ಷೆಯ ಕಳವಳವೋ, ಸಾಲದ ಪೀಕಲಾಟವೋ, ಬದುಕೇ ಬೇಡವೆನ್ನಿಸುವ ಬೇಗುದಿಯೋ? ಮೂರನೆಯದಾದರೆ ಅವನನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿಸಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಅವನ ಬಾಯಿಂದ ಸರಿಯಾದ ಪದ ಹೊರಡುವವರೆಗೆ ಪಕ್ಕದಲ್ಲಿ ಕೂತು ಕೇಳಿ.