ಕೌದಿಯಲ್ಲಿ ಕಾಣುವ ಕಲೆ

‘ಸ್ತ್ರೀವಾದಿ ಕಲೆ’ ಎಂಬ ಮಾತು ಕಿವಿಗೆ ಬಿದ್ದೊಡನೆ, ಅದು ಮಹಾನಗರದ ವಿದ್ಯಾವಂತರ ವಿಷಯ, ಗೃಹಸ್ಥರ ಮನೆಗೆ ಸಂಬಂಧಿಸಿದುದಲ್ಲ ಎಂದು ಹಲವರು ಭಾವಿಸುತ್ತಾರೆ. ಅದರ ತಿರುಳಾದರೋ ಸರಳವಾದುದು: ಹೆಣ್ಣಿನ ಬಾಳನ್ನೂ ದುಡಿಮೆಯನ್ನೂ ನೋವನ್ನೂ ಆಕೆಯ ಕಣ್ಣಿನಿಂದಲೇ ಕಾಣಿಸುವುದು, ಮನೆಗೆಲಸವೆಂದು ಬದಿಗಿರಿಸಿದ ಕೈಚಳಕಕ್ಕೂ ಕಲೆಯ ಮನ್ನಣೆಯನ್ನು ಕೇಳುವುದು. ಇದನ್ನು ಜನಸಾಮಾನ್ಯರಿಗೆ ತಿಳಿಸಲು ಒಂದು ಕೌದಿ ಸಾಕು.

ಅದಕ್ಕಾಗಿ ಬಂಗೂರನಗರದಿಂದ ಬಹುದೂರ ಹೋಗಬೇಕಾಗಿಲ್ಲ. ಹಳಿಯಾಳ, ಮುಂಡಗೋಡ ತಾಲೂಕುಗಳ ಸಿದ್ದಿ ಮಹಿಳೆಯರು ಹಳೆಯ ಸೀರೆಯನ್ನು ಹಾಸಿ, ಅದರ ಮೇಲೆ ಹರಿದ ಅರಿವೆಯ ತುಂಡುಗಳನ್ನಿರಿಸಿ, ಒಂದು ಮೂಲೆಯಿಂದ ತೊಡಗಿ ಅಂಚಿನ ಗುಂಟ ಸುತ್ತುತ್ತ ನಡುವಿನವರೆಗೆ ಹೊಲಿಯುತ್ತಾರೆ. ಯಾವ ಬಣ್ಣದ ಪಕ್ಕಕ್ಕೆ ಯಾವ ಬಣ್ಣವೆಂಬ ನಿರ್ಣಯ ಹೊಲಿಯುವಾಕೆಯದೇ. ಕ್ರೈಸ್ತ ಮನೆಯಾಕೆ ಶಿಲುಬೆಯನ್ನೂ ಮುಸಲ್ಮಾನ ಮನೆಯಾಕೆ ಅರ್ಧಚಂದ್ರನನ್ನೂ ಸೇರಿಸುವುದುಂಟು. ಕೊನೆಗೆ ಮೂಲೆಗಳಲ್ಲಿ ಮಡಿಸಿದ ತ್ರಿಕೋನದ ‘ಫೂಲ’, ಅಂದರೆ ಹೂವು, ಇಡದ ಹೊರತು ಕೌದಿ ಪೂರ್ಣವಾಗದು. ಆ ಹೂವಿನಿಂದ ಹೊದಿಕೆಯ ಬೆಚ್ಚಗೆ ಹೆಚ್ಚುವುದಿಲ್ಲ. ಆದರೂ ಅದು ಬೇಕು. ಉಪಯೋಗವನ್ನು ಮೀರಿದ ಈ ‘ಬೇಕು’ ಎಂಬಲ್ಲಿಯೇ ಕಲೆ ನೆಲೆಸಿದೆ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಕೌದಿಗಳನ್ನು ಅಭ್ಯಸಿಸಿದರು. 2011ರಲ್ಲಿ ಇವು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದವು. ಅಲ್ಲಿ ಗೌರವದಿಂದ ನೋಡಿದ ಕಲೆ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಹಾಸಿಗೆಯ ಅಡಿಯಲ್ಲಿದೆ. ಹೊಲಿದ ಅಜ್ಜಿಯ ಹೆಸರನ್ನು ಮೊಮ್ಮಕ್ಕಳು ಕೇಳುವುದಿಲ್ಲ.

ಕೌದಿಯನ್ನು ನೋಡಲು ಕಲಿತವರಿಗೆ, 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡರ ಕೃತಿಗಳೂ ಕಠಿಣವೆನಿಸವು. ಅವರು ಸಗಣಿಯನ್ನು ಕಲೆಯ ಸಾಮಗ್ರಿಯಾಗಿಸಿದರು. 1998ರ ಕೃತಿಯೊಂದರಲ್ಲಿ ಸೂಜಿಗಳಲ್ಲಿ ಪೋಣಿಸಿದ ದಾರಗಳನ್ನು ಕುಂಕುಮದಿಂದ ಕೆಂಪಾಗಿಸಿ ನೀಳವಾದ ಹುರಿಗಳನ್ನು ಮಾಡಿದರು. ಅವುಗಳ ತುದಿಯಲ್ಲಿ ಸೂಜಿಗಳ ಗೊಂಚಲು. ಮಂಗಳದ ಕುಂಕುಮವೂ ಚುಚ್ಚುವ ಸೂಜಿಯೂ ಒಂದೇ ಎಳೆಯಲ್ಲಿ! ಇದರ ಅರ್ಥವನ್ನು ಯಾವ ಗೃಹಿಣಿಗೆ ವಿವರಿಸಬೇಕು? ನೂಲುವ ರಾಟೆಯನ್ನೇ ಅನುಭಾವದ ನುಡಿಯಾಗಿಸಿದ ಕದಿರ ರೆಮ್ಮವ್ವೆಯ ವಚನವನ್ನು ಬಲ್ಲ ಮನೆತನಗಳಿಗಂತೂ ಈ ದಾರಿ ಅಪರಿಚಿತವಲ್ಲ.

ಆದುದರಿಂದ ಇಂತಹ ಕಲೆ ಜನರ ಬಳಿಗೆ ಬರಬೇಕಾದರೆ ಜಾತ್ರೆಯಲ್ಲಿ, ಸಂತೆಯಲ್ಲಿ, ಶಾಲೆಯ ಅಂಗಳದಲ್ಲಿ ಕೌದಿಗಳನ್ನು ತೂಗುಹಾಕಬೇಕು. ಪಕ್ಕದಲ್ಲಿ ಹೊಲಿದಾಕೆಯ ಹೆಸರಿರಬೇಕು. ವಿವರಣೆಯನ್ನು ಆಕೆಯೇ ಹೇಳಬೇಕು. ಕೊಳ್ಳುವವರು ಅರಿವೆಯ ಬೆಲೆಯನ್ನಷ್ಟೇ ಎಣಿಸದೆ ಆಕೆಯ ದಿನಗಳನ್ನೂ ಎಣಿಸಬೇಕು. ಬಂಧುಗಳೇ, ಈ ತಿಂಗಳು ಮನೆಯ ಹಳೆಯ ಕೌದಿಯೊಂದನ್ನು ಬಿಸಿಲಿಗೆ ಹರವಿರಿ. ಅದನ್ನು ಹೊಲಿದ ತಾಯಿಯ ಹೆಸರನ್ನು ಮಕ್ಕಳಿಗೆ ತಿಳಿಸಿರಿ.